ತಗ್ಗಿನ ಹೆಸರು

ಭಾನುವಾರ, ಜೂನಾ ಬಜಾರು. ಮುಠಾ ನದಿಯ ವಾಸನೆ
ಹತ್ತು ಗಂಟೆಗೇ ಎದ್ದು ಕೂತಿದೆ.
ನನ್ನ ತಾಡಪತ್ರಿಯ ಮೇಲೆ ಸತ್ತ ಗಡಿಯಾರಗಳು,
ಹಿತ್ತಾಳೆಯ ನಲ್ಲಿ, ಕೀಲಿಯಿಲ್ಲದ ಬೀಗ, ಎಡಗಾಲಿನದೊಂದೇ ಬೂಟು.
ದಾಪೋಡಿಯ ಶೇವಂತಾಬಾಯಿ ಸೆರಗಿನ ಗಂಟು ಬಿಚ್ಚಿ
ಅಂಗೈಗೆ ಹಾಕಿದಳು: "ಬೆಳ್ಳಿ. ತೂಕ ಹಾಕು."

ತೂಕ ಆಮೇಲೆ, ಬಾಯಿ. ಮೊದಲು ನೋಡೋಣ.

ರೂಪಾಯಿಗಿಂತ ತುಸು ಅಗಲ. ನೆತ್ತಿಗೆ ಕಿರೀಟ,
ಕಿರೀಟಕ್ಕೊಂದು ಬಳೆ. ಬಳೆಯಲ್ಲಿ ಇರಬೇಕಾದ್ದು
ಬಿಳಿಯ ನಡುವೆ ಅಗಲ ಕೆಂಪಿನ ರಿಬ್ಬನ್ನು;
ಇರುವುದು ಕರಿದಾರ.
ಮುಂದೆ ಒಂಬತ್ತು ಮೂಲೆಯ ನಕ್ಷತ್ರ, ಒಳಗೆ ರಾಣಿ,
ಮುಸುಕಿನವಳು, ಮುಖ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು.
ಮೂಲೆಗಳ ಸಂದಿಗೊಂದರಂತೆ ಇಂಗ್ಲಿಷ್ ಅಕ್ಷರ,
ಸುತ್ತ ತಿರುಗಿಸಿ ಓದಿದರೆ ಅಬಿಸೀನಿಯ.
ಒಂಬತ್ತಕ್ಷರದ ದೇಶಕ್ಕೆ ಒಂಬತ್ತು ಮೂಲೆ.
ಹದಿನೇಳಕ್ಷರದ ದೇಶವಾಗಿದ್ದರೆ ಏನು ಮಾಡುತ್ತಿದ್ದರೋ.

ಸಾವಿರದ ಎಂಟುನೂರ ಅರವತ್ತೇಳು.
ಮುಂಬಯಿ ಬಂದರಿನಿಂದ ಹಡಗಿನ ಹಿಂದೆ ಹಡಗು:
ಹೇಸರಗತ್ತೆ, ಹುಲ್ಲು, ನೀರಿನ ಪೀಪಾಯಿ,
ತೋಪು ಹೊರಲು ನಲವತ್ನಾಲ್ಕು ಆನೆ.
ಅಲ್ಲಿ ಬೆಟ್ಟದ ಮೇಲೊಂದು ಕೋಟೆ, ಸೆರೆಯಲ್ಲಿ ಕೆಲವರು ಬಿಳಿಯರು.
ಕೋಟೆ ಬಿದ್ದ ದಿನ ಅಲ್ಲಿಯ ದೊರೆ ತಾನೇ ಗುಂಡು ಹಾರಿಸಿಕೊಂಡ;
ಪಿಸ್ತೂಲು ಇದೇ ರಾಣಿಯ ಉಡುಗೊರೆ ಎನ್ನುತ್ತಾರೆ.
ನಾನು ಕಂಡಿಲ್ಲ. ನಾನು ಮಾರುವುದು ಪದಕ.

ಹಿಂದೆ ಎಲೆಗಳ ಮಾಲೆ, ಮಾಲೆಯೊಳಗೆ ಹೆಸರು.
ಉಳಿದ ಪದಕಗಳಲ್ಲಿ ಅದು ಅಂಚಿನಲ್ಲಿ ಅಡಗಿರುತ್ತದೆ,
ಇದರಲ್ಲಿ ಮಾತ್ರ ಅಂಗಳದ ನಡುವೆ.
ಗೋರಾ ಸಿಪಾಯಿಯದಾದರೆ ಉಬ್ಬು ಅಕ್ಷರ,
ಒಬ್ಬೊಬ್ಬನಿಗೂ ಬೇರೆ ಅಚ್ಚು, ಖರ್ಚು ವಿಪರೀತ.
ನಮ್ಮವರದು ಬಹುಪಾಲು ತಗ್ಗು, ಕುಟ್ಟಿ ಇಳಿಸಿದ್ದು.
ಧಂದೆಯಲ್ಲಿ ಕಲಿತದ್ದು: ಉಬ್ಬು ಸವೆಯುತ್ತದೆ,
ತಗ್ಗು ತುಂಬಿಕೊಳ್ಳುತ್ತದೆ.

ಹುಣಸೆ ಹಚ್ಚಿ ಹಳೆಯ ಟೂತ್‌ಬ್ರಶ್ಶಿನಲ್ಲಿ ಉಜ್ಜಿದೆ.
ಡಿ, ಎಚ್, ಯು, ಆರ್, ಎಂ. ಐದು ಬೆಳ್ಳಗಾದವು.
ಬ್ರಶ್ಶಿಗೆ ಅಂಟಿದ್ದು ಕಿಲುಬಲ್ಲ, ಮಣ್ಣಲ್ಲ.
ಹಳದಿ.

"ಅರಿಶಿಣದ ದಿನ ನಮ್ಮ ಸೊಸೆಯಂದಿರ ಕೊರಳಿಗೆ ಇದೇ,"
ಎಂದಳು ಬಾಯಿ ಮರಾಠಿಯಲ್ಲಿ. "ಮೊದಲು ಹಾಕಿಕೊಂಡವಳು
ಬೆಳಗಾವಿ ಕಡೆಯ ಬಾಳವ್ವ. ನೀನು ಕಾನಡಿ ಅಲ್ಲವಾ?
ಇದರ ಜೊತೆಗೊಂದು ಮಾತು ಬಂದಿದೆ. ಹೇಳುತ್ತೇವೆ,
ಅರ್ಥ ನಮಗೆ ಯಾರಿಗೂ ಗೊತ್ತಿಲ್ಲ."

ಅವಳ ಬಾಯಲ್ಲಿ ಮುಕ್ಕಾದ ಮಾತನ್ನು
ನಾನು, ಚಿಕ್ಕೋಡಿಯವನು, ಜೋಡಿಸಿಕೊಂಡೆ:

    ಒಂಬತ್ತು ಮೂಲಿ ಚಿಕ್ಕಿ, ಒಳಗ ಮುಸುಕಿನ ರಾಣಿ,
    ಬೆನ್ನ ಮ್ಯಾಲ ಬರದಾರ ನನ್ನ ರಾಯರ ಹೆಸರ,
    ಓದಾಕ ಬರಾವ ಹೇಳಲಿ, ನಾ ಹ್ಯಾಂಗ ಹೇಳಲಿ.

ಒಡಪು. ಮದುವೆಯಲ್ಲಿ ಬಾಗಿಲಿಗೆ ಕೈ ಅಡ್ಡ ಇಟ್ಟು
ಗಂಡನ ಹೆಸರು ಹೇಳಿ ಒಳಗೆ ಬಾ ಎನ್ನುತ್ತಾರಲ್ಲ, ಅದು.
ಎಷ್ಟು ಸುತ್ತಿ ಬಳಸಿದರೂ ಕೊನೆಗೆ ಹೆಸರು ಬರಲೇಬೇಕು.
ಇದರಲ್ಲಿ ಬರುವುದಿಲ್ಲ.
ಐದು ತಲೆಮಾರು ಹೊಸ್ತಿಲ ಮೇಲೇ ನಿಂತಿದೆ.

ಕನ್ನಡಕ ಒರೆಸಿ, ಉಜ್ಜಿದ್ದನ್ನೂ ಉಜ್ಜದ್ದನ್ನೂ ಕೂಡಿಸಿ ಓದಿದೆ:
ಧರ್ಮನಾಕ. ಸಿಪಾಯಿ. ಬಾಂಬೆ ಕಾಲ್ದಳ.

ಪಕ್ಕದವನು ರೇಡಿಯೋದ ಕಿವಿ ಹಿಂಡುತ್ತಿದ್ದ.
"ನಾಕ ಎಂದರೆ ನಮ್ಮವನೇ," ಎಂದಳು ಸ್ವಲ್ಪ ಹೊತ್ತು ಬಿಟ್ಟು.
"ಆಮೇಲೆ ನಮ್ಮವರು ಫೌಜಿಗೆ ಬೇಡ ಅಂದರಂತೆ."

ನಾನು ಬ್ರಶ್ಶು ಕೆಳಗಿಟ್ಟೆ. ಹಳದಿ ಇರಲಿ ಬಾಯಿ,
ಬಾಳವ್ವನ ಕಾಲದ್ದು ಇದ್ದರೂ ಇದ್ದೀತು,
ಎಂದೆಲ್ಲ ಹೇಳಹೊರಟೆ.

"ಅರಿಶಿಣ ಮನೆಯಲ್ಲಿ ಡಬ್ಬಿ ತುಂಬ ಇದೆ.
ನೀನು ಪೂರಾ ಉಜ್ಜು. ಹೆಸರು ಕಾಣಲಿ."

ಎನ್ ಆಯಿತು. ಎ ಆಯಿತು.
ಕೂಲಿ ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟಳು,
ತೂಕದ ಮಾತು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.
ಕೊನೆಯ ಅಕ್ಷರದ ಹೊಟ್ಟೆಯೊಳಗೆ ಒಂದಿಷ್ಟು ಉಳಿಯಿತು.
ಬ್ರಶ್ಶು ಅಷ್ಟು ಒಳಗೆ ಹೋಗುವುದಿಲ್ಲ
ಎಂದು ಹೇಳಿದೆ.